ಪಟದ ಹಿಂದಿನ ಹೆಸರು: ಹಳೆಯ ಚಿತ್ರಗಳನ್ನು ಕಾಯುವವರಿಗೆ ಹನ್ನೆರಡು ಸೂತ್ರಗಳು

ಅಮಾಸೆಬೈಲು, ಮಚ್ಚಟ್ಟು, ರಟ್ಟಾಡಿ, ಹೊಸಂಗಡಿ. ಘಟ್ಟದ ಬುಡದ ಈ ಊರುಗಳ ಹಳೆ ಮನೆಗಳ ಚಾವಡಿಯಲ್ಲಿ ತಲೆ ಎತ್ತಿ ನೋಡಿದರೆ ಪಟಗಳ ಸಾಲು ಕಾಣುತ್ತದೆ. ರುಮಾಲಿನ ಹಿರಿಯರು, ಮದುವೆಯ ಜೋಡಿ, ಶಾಲೆಯ ಗ್ರೂಪ್ ಫೋಟೋ, ಮೇಳದ ವೇಷಧಾರಿ. ಕಪಾಟು ತೆಗೆದರೆ ಆಲ್ಬಮ್ಮು, ಟ್ರಂಕಿನ ತಳದಲ್ಲಿ ನೆಗೆಟಿವ್ ಕವರುಗಳು. ಊರಿನ ನೂರು ವರ್ಷಗಳ ಚರಿತ್ರೆ ಹೀಗೆ ಗೋಡೆಗಳಲ್ಲೂ ಟ್ರಂಕುಗಳಲ್ಲೂ ಚದುರಿಕೊಂಡಿದೆ. ಇಂಥವನ್ನು ಒಟ್ಟುಮಾಡಿ, ಹೆಸರು ಹಚ್ಚಿ, ಹಾಳಾಗದಂತೆ ಇಟ್ಟು, ಬೇಕೆಂದವರಿಗೆ ತೆಗೆದುಕೊಡುವುದೇ ಒಂದು ವೃತ್ತಿ. ಅದನ್ನು ಮಾಡುವವರೇ ಆರ್ಕೈವಿಸ್ಟ್. ಈ ಕೆಲಸಕ್ಕೆ ಓದು ಇದೆ, ತರಬೇತಿ ಇದೆ, ಸಂಬಳವೂ ಇದೆ. ನಮ್ಮ ಕಡೆಯ ಹುಡುಗ ಹುಡುಗಿಯರು ಈ ದಾರಿಯತ್ತಲೂ ಒಮ್ಮೆ ನೋಡಬೇಕೆಂಬ ಆಸೆಯಿಂದ ಈ ಸೂತ್ರಗಳು.

1. ಮೊದಲು ಹೆಸರು, ಆಮೇಲೆ ಪಟ

ಸರಿಯಾಗಿ ತೊಳೆದು ಸರಿಯಾಗಿ ಇಟ್ಟ ಕಪ್ಪು ಬಿಳುಪು ಪಟ ನೂರು ವರ್ಷ ನಿಲ್ಲುತ್ತದೆ. ಅದರಲ್ಲಿರುವವರನ್ನು ಗುರುತು ಹಿಡಿಯಬಲ್ಲ ಅಜ್ಜಿಗೆ ಮಾತ್ರ ಆಗಲೇ ಎಂಬತ್ತೈದು ದಾಟಿರುತ್ತದೆ. ಪಟ ಹಾಳಾಗುವುದಕ್ಕೆ ಎಷ್ಟೋ ಮೊದಲು ಅದರ ಹೆಸರು ಹಾಳಾಗುತ್ತದೆ. ಹೆಸರು ಹೋದ ಪಟ ಯಾರದೋ ಮುಖ, ಯಾವುದೋ ಅಂಗಳ, ಅಷ್ಟೇ. ಆದ್ದರಿಂದ ಹೊಸ ಆರ್ಕೈವಿಸ್ಟ್ ಮೊದಲ ದಿನ ಮಾಡಬೇಕಾದ ಕೆಲಸ ಸ್ಕ್ಯಾನರ್ ಖರೀದಿಯಲ್ಲ. ಊರಿನ ಹಿರಿಯರ ಪಟ್ಟಿ ಮಾಡಿ, ಅವರಲ್ಲಿ ತೀರ ವಯಸ್ಸಾದವರ ಮನೆಗೆ ಮೊದಲು ಹೋಗಬೇಕು.

ಹೋಗುವಾಗ ಮೂಲ ಪಟ ಒಯ್ಯಬೇಡಿ. ಎ4 ಅಳತೆಯ ದೊಡ್ಡ ಪ್ರತಿ ಒಯ್ಯಿರಿ. ಅದರ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಪ್ರತಿ ತಲೆಗೂ ಒಂದು ಸಂಖ್ಯೆ ಹಾಕಿರಿ. ಕೂತ ಕೂಡಲೇ "ಇದು ಯಾರು?" ಎಂದು ಕೇಳಿದರೆ ಪರೀಕ್ಷೆ ಬರೆಸಿದ ಹಾಗಾಗಿ, "ಗೊತ್ತಿಲ್ಲ ಮಗಾ" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಅಜ್ಜಿ, ಇದು ಯಾವ ಮನೆ ಅಂಗಳ, ಸ್ವಲ್ಪ ಕಾಣಿ" ಎಂದು ಜಾಗದಿಂದ ಶುರು ಮಾಡಿ. ಅಂಗಳ ಗುರುತಾದರೆ ಮನೆ ಬರುತ್ತದೆ, ಮನೆಯಿಂದ ಮದುವೆ, ಮದುವೆಯಿಂದ ದಿಬ್ಬಣ, ದಿಬ್ಬಣದಿಂದ ಮುಖಗಳು. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಆ ವಾದದಲ್ಲೇ ನಿಮಗೆ ಬೇಕಾದದ್ದೆಲ್ಲ ಇರುತ್ತದೆ. ಒಪ್ಪಿಗೆ ಕೇಳಿ ಧ್ವನಿಮುದ್ರಣ ಮಾಡಿಕೊಳ್ಳಿ. ಯಾರು, ಯಾವತ್ತು ಹೇಳಿದರು ಎಂದು ಬರೆಯಿರಿ. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಬರೆಯಿರಿ, ತೀರ್ಪು ಕೊಡಬೇಡಿ.

ನಮ್ಮ ಕಡೆ ಮನೆಯ ಹೆಸರಿಲ್ಲದೆ ಮನುಷ್ಯರ ಹೆಸರು ಪೂರ್ತಿಯಾಗುವುದಿಲ್ಲ. ಒಂದೇ ಹೆಸರಿನ ನಾಲ್ಕು ಜನ ಒಂದೇ ವಠಾರದಲ್ಲಿ ಸಿಗುತ್ತಾರೆ. ಮೇಲ್ಮನೆಯೋ ಕೆಳಮನೆಯೋ, ಹೊಸಮನೆಯೋ ಎಂಬುದೇ ಗುರುತು. ಆ ಕಾಲಮ್ಮು ನಿಮ್ಮ ಪಟ್ಟಿಯಲ್ಲಿ ಇರಲೇಬೇಕು. ದೆಹಲಿಯಲ್ಲೋ ಬಾಸೆಲ್‌ನಲ್ಲೋ ತಯಾರಾದ ಮಾದರಿ ನಮೂನೆಯಲ್ಲಿ ಅದು ಇರುವುದಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಪಟಗಳ ವಿವರದಲ್ಲಿ ಗಂಡಸರಿಗೆ ಹೆಸರಿರುತ್ತದೆ, ಹೆಂಗಸರು "ಇಂಥವರ ಹೆಂಡತಿ" ಆಗಿರುತ್ತಾರೆ. ಪಟದ ಅಂಚಿನಲ್ಲಿ ಮುಟ್ಟಾಳೆ ಇಟ್ಟು ನಿಂತ ಕೆಲಸದವರಿಗೆ ಅದೂ ಇಲ್ಲ, ಬರೀ "ಆಳು". ಅವರ ಮಕ್ಕಳು ಮೊಮ್ಮಕ್ಕಳು ಇದೇ ಊರಲ್ಲಿದ್ದಾರೆ. ಅವರ ಮನೆಗೂ ಹೋಗಿ ಕೇಳಿ. ಪಟದ ಯಜಮಾನರ ಚಾವಡಿಯಲ್ಲಿ ಮಾತ್ರ ಕೂತು ಬರೆದ ವಿವರ ಅರ್ಧ ವಿವರ.

2. ಆಷಾಢವನ್ನು ಎದುರಿಸಲು ಕಲಿಯಿರಿ

ಪಟಗಳಿಗೆ ಹೇಳಿದ ಹದ ಶೇಕಡಾ 30ರಿಂದ 50ರ ತೇವಾಂಶ. ಘಟ್ಟದ ಬುಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ 90ರ ಆಸುಪಾಸು ಓಡಾಡುತ್ತದೆ. ಪಟದ ಮೇಲ್ಪದರ ಜೆಲಾಟಿನ್, ಅಂದರೆ ಪ್ರಾಣಿಮೂಲದ ಅಂಟು. ತೇವ ಕುಡಿದರೆ ಉಬ್ಬುತ್ತದೆ, ಬೂಷ್ಟು ಹಿಡಿಯುತ್ತದೆ, ಎದುರಿನ ಗಾಜಿಗೆ ಅಂಟಿಕೊಳ್ಳುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿದ ಪಟವನ್ನು ಯಾವ ಕಾರಣಕ್ಕೂ ಎಳೆಯಬೇಡಿ, ಮುಖವೇ ಕಿತ್ತುಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ ಪರಿಣತರಿಗೆ ಬಿಡಿ.

ನಮ್ಮ ಹಿರಿಯರಿಗೆ ಬೆಚ್ಚಗಿನ ಜಾಗ ಎಂದರೆ ಅಡುಗೆಮನೆಯ ಅಟ್ಟ. ಕಾಳು, ಬೆಲ್ಲ, ಬುಟ್ಟಿಗಳಿಗೆ ಆ ಹೊಗೆ ಒಳ್ಳೆಯದು. ಪಟದ ಬೆಳ್ಳಿಗೆ ಅದೇ ಹೊಗೆ ಮುಳುವು, ಕಪ್ಪು ಹಳದಿಯಾಗಿ ಕಳೆಗುಂದುತ್ತದೆ. ಮಳೆ ಬಿಟ್ಟ ಮೇಲೆ ಅಂಗಳದಲ್ಲಿ ಹರಡಿ ಬಿಸಿಲು ಕಾಯಿಸುವುದೂ ತಪ್ಪು, ಪಟ ಸುರುಟಿ ಮೇಲ್ಪದರ ಬಿರುಕು ಬಿಡುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಆ ಪಟವನ್ನು ಉಳಿದವುಗಳಿಂದ ಬೇರೆ ಇಟ್ಟು, ನೆರಳಲ್ಲಿ ಗಾಳಿಗೆ ಒಣಗಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆಯ ಬ್ರಶ್ಶಿನಿಂದ ಮನೆಯ ಹೊರಗೆ ಗುಡಿಸಿ.

ದೊಡ್ಡ ಊರಿನ ಸಂಸ್ಥೆಗಳಲ್ಲಿ ಹವಾನಿಯಂತ್ರಿತ ಕೋಣೆಗಳಿವೆ. ಹಳ್ಳಿಯಲ್ಲಿ ಮಾಡಬಹುದಾದದ್ದು ಇಷ್ಟು: ಹೊರಗೋಡೆಗೆ ತಾಗದ ಒಳಕೋಣೆ, ನೆಲದಿಂದ ಎತ್ತರದಲ್ಲಿ ಸ್ಟೀಲ್ ಕಪಾಟು, ಬಿಗಿ ಮುಚ್ಚಳದ ಪೆಟ್ಟಿಗೆ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಜೊತೆಗೊಂದು ಆರ್ದ್ರತಾಮಾಪಕ. ಜೆಲ್ ಬಣ್ಣ ತಿರುಗಿದಾಗ ಬಿಸಿ ಮಾಡಿ ತೇವ ಓಡಿಸಿ ಮತ್ತೆ ಇಡಬಹುದು. ಗೋಡೆಗೆ ತೂಗಿದ ಚೌಕಟ್ಟುಗಳ ಹಿಂದೆ ನಾಲ್ಕು ಮೂಲೆಗೆ ಸಣ್ಣ ಮರದ ತುಂಡು ಅಂಟಿಸಿದರೆ ಮುರಕಲ್ಲಿನ ಗೋಡೆಯ ಥಂಡಿ ಪಟಕ್ಕೆ ಇಳಿಯುವುದಿಲ್ಲ. ಒರಲೆಯ ಹಾದಿ ಕಂಡಿದ್ದರೆ ವಾರಕ್ಕೊಮ್ಮೆ ಕಪಾಟಿನ ಹಿಂಬದಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

3. ಪಟ ಯಾವ ವಸ್ತುವಿನದ್ದೆಂದು ಓದಿ

ಚಿತ್ರ ನೋಡುವುದಕ್ಕೆ ಮೊದಲು ಅದು ಯಾವುದರ ಮೇಲೆ ಮೂಡಿದೆ ಎಂದು ನೋಡಬೇಕು. ಮೊಟ್ಟೆಯ ಬಿಳಿಲೋಳೆ ಬಳಿದ ಆಲ್ಬುಮೆನ್ ಕಾಗದ 19ನೇ ಶತಮಾನದ್ದು: ತೆಳ್ಳಗೆ, ಕಂದು ಹಳದಿ. ಬಳಿಕ ಬಂದದ್ದು ಬೆಳ್ಳಿ ಜೆಲಾಟಿನ್ ಕಾಗದ. ಗಾಜಿನ ನೆಗೆಟಿವ್‌ಗಳನ್ನು ಒಂದರ ಮೇಲೊಂದು ಪೇರಿಸಬಾರದು, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ ಇಡಬೇಕು. 20ನೇ ಶತಮಾನದ ಮೊದಲರ್ಧದ ನೈಟ್ರೇಟ್ ಫಿಲ್ಮ್ ಬೆಂಕಿಯ ವಸ್ತು. ಸಿಕ್ಕರೆ ತಕ್ಷಣ ಬೇರೆ ಇಟ್ಟು ತಿಳಿದವರನ್ನು ಕೇಳಿ. ಆಮೇಲಿನ ಅಸಿಟೇಟ್ ಫಿಲ್ಮಿಗೆ ಇನ್ನೊಂದು ರೋಗ: ಪೆಟ್ಟಿಗೆ ತೆಗೆದಾಗ ವಿನೆಗರ್ ವಾಸನೆ ಬಂದರೆ ಅದು ಕೊಳೆಯಲು ಶುರುವಾಗಿದೆ. ಮೊದಲು ಸ್ಕ್ಯಾನ್ ಆಗಬೇಕಾದದ್ದು ಅದೇ.

ಎಂಬತ್ತರ ದಶಕದ ಮದುವೆ ಆಲ್ಬಮ್‌ಗಳು ಇನ್ನೂ ಹೆಚ್ಚು ಅಪಾಯದಲ್ಲಿವೆ ಎಂದರೆ ಹಲವರು ನಂಬುವುದಿಲ್ಲ. ಬಣ್ಣದ ಪಟದ ಬಣ್ಣ ಬೆಳ್ಳಿಯದಲ್ಲ, ರಾಸಾಯನಿಕ ರಂಗಿನದು. ಅದು ಕಪಾಟಿನ ಕತ್ತಲಲ್ಲೂ ಮಾಸುತ್ತದೆ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಎಳೆದ ಆ ಕಾಲದ ಆಲ್ಬಮ್ಮು ಅದನ್ನು ಇನ್ನೂ ಬೇಗ ತಿನ್ನುತ್ತದೆ. ಮುತ್ತಜ್ಜನ ಕಪ್ಪು ಬಿಳುಪು ಪಟ ಮೊಮ್ಮಗಳ ಮದುವೆಯ ಬಣ್ಣದ ಪಟಕ್ಕಿಂತ ಹೆಚ್ಚು ಕಾಲ ಉಳಿಯುವ ಸಾಧ್ಯತೆಯೇ ಜಾಸ್ತಿ.

ವಸ್ತುಜ್ಞಾನ ಎಷ್ಟು ದೂರ ಒಯ್ಯುತ್ತದೆ ಎನ್ನಲು ಹಂಪಿಯ ಉದಾಹರಣೆ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಹಿಡಿದರು. ಅವು ಉಳಿದು ಬಂದದ್ದರಿಂದಲೇ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ತೆಗೆಯಲು ಆಯಿತು. ಯಾವ ಕಂಬ ಬಿದ್ದಿದೆ, ಯಾವ ಗೋಪುರದ ಗಾರೆ ಉದುರಿದೆ ಎಂದು ಎರಡನ್ನೂ ಪಕ್ಕದಲ್ಲಿಟ್ಟು ಈಗ ಹೇಳಬಹುದು.

4. ಬಂದ ಕ್ರಮವನ್ನು ಕದಡಬೇಡಿ

ಒಂದು ಮನೆಯಿಂದ ಬಂದ ಪಟಗಳನ್ನು "ದೇವಸ್ಥಾನ", "ಮದುವೆ", "ಯಕ್ಷಗಾನ" ಎಂದು ವಿಂಗಡಿಸಿ ಬೇರೆಬೇರೆ ಪೆಟ್ಟಿಗೆಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ. ಅಕ್ಕಪಕ್ಕದ ಪಟಗಳೇ ಒಂದಕ್ಕೊಂದು ಸಾಕ್ಷಿ. ಒಂದೇ ಪುಟದ ಮೂರರಲ್ಲಿ ಒಂದಕ್ಕೆ ದಿನಾಂಕವಿದ್ದರೆ ಉಳಿದೆರಡಕ್ಕೂ ಅಂದಾಜು ಸಿಗುತ್ತದೆ. ಆಲ್ಬಮ್ ಬಿಚ್ಚುವ ಮೊದಲು ಪುಟಪುಟವಾಗಿ ಅದರ ಫೋಟೋ ತೆಗೆದಿಡಿ. ವಿಷಯವಾರು ಹುಡುಕುವುದಕ್ಕೆ ಕಂಪ್ಯೂಟರಿನ ಪಟ್ಟಿ ಇದೆ, ಪೆಟ್ಟಿಗೆಗಳನ್ನು ಅದಕ್ಕೆ ಬಳಸಬೇಡಿ.

5. ಪೆನ್ಸಿಲ್ಲೊಂದೇ ಸಾಕು

ಪಟದ ಹಿಂಬದಿಗೆ 2ಬಿಯಂಥ ಮೆತ್ತನೆಯ ಪೆನ್ಸಿಲ್‌ನಿಂದ, ಅಂಚಿನಲ್ಲಿ, ಹಗುರವಾಗಿ ಸಂಖ್ಯೆ ಬರೆಯಿರಿ. ಬಾಲ್ ಪೆನ್, ಸ್ಕೆಚ್ ಪೆನ್, ಸೆಲೋಟೇಪ್, ಸ್ಟೇಪ್ಲರ್, ಫೆವಿಕಾಲ್ ಮೇಜಿನ ಹತ್ತಿರವೂ ಬೇಡ. ಸಂಖ್ಯೆ ಚಿಕ್ಕದಾಗಿರಲಿ, ಯಾವತ್ತೂ ಬದಲಾಗದಿರಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಸಂಗ್ರಹದಲ್ಲಿ ಭಾರತದ ಚಿತ್ರಗಳ ಸಂಖ್ಯೆಯಲ್ಲಿ "ಸಿ", ಘಾನಾದವಕ್ಕೆ "ಡಿ", ಕ್ಯಾಮರೂನಿನವಕ್ಕೆ "ಇ" ಎಂಬ ಅಕ್ಷರವಿದೆ. ಆ ಒಂದಕ್ಷರದ ಪದ್ಧತಿ ಸಂಶೋಧಕರ ಅಡಿಟಿಪ್ಪಣಿಗಳಲ್ಲಿ ಇವತ್ತಿಗೂ ಓಡಾಡುತ್ತಿದೆ. ಯಾವ ಪಟ, ಯಾರಿಂದ, ಯಾವತ್ತು, ಯಾವ ಷರತ್ತಿನ ಮೇಲೆ ಬಂತು ಎಂಬುದಕ್ಕೆ ಒಂದು ಗಟ್ಟಿ ರಟ್ಟಿನ ರಿಜಿಸ್ಟರ್ ಇಡಿ.

6. ಕಾಲ ಹಿಡಿಯುವ ಕಣ್ಣು ಬೆಳೆಸಿಕೊಳ್ಳಿ

ಈ ವೃತ್ತಿಯಲ್ಲಿ ಹೆಸರು ತರುವ ವಿದ್ಯೆ ಇದು, ಮನಸ್ಸಿಗೆ ಸಂತೋಷ ಕೊಡುವುದೂ ಇದೇ. ದಿನಾಂಕವಿಲ್ಲದ ಪಟದಲ್ಲಿ ದಿನಾಂಕ ಎಲ್ಲೆಲ್ಲೋ ಅಡಗಿರುತ್ತದೆ.

ಮೊದಲು ಹಿಂಬದಿ ನೋಡಿ. ಸ್ಟುಡಿಯೋ ಮೊಹರಿನಲ್ಲಿ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. "ಸೌತ್ ಕೆನರಾ, ಮದ್ರಾಸ್" ಎಂದಿದ್ದರೆ ಸಾಮಾನ್ಯವಾಗಿ 1956ರ ನವೆಂಬರ್‌ಗೆ ಮೊದಲಿನದು. "ಮೈಸೂರು ರಾಜ್ಯ" ಎಂದು ನಮ್ಮ ಕಡೆಯ ವಿಳಾಸದಲ್ಲಿದ್ದರೆ ಸಾಮಾನ್ಯವಾಗಿ 1956ರಿಂದ 1973ರ ಒಳಗಿನದು. ವಿಳಾಸದಲ್ಲಿ ಉಡುಪಿ ಜಿಲ್ಲೆ ಎಂದು ಕಂಡರೆ 1997ರ ಆಗಸ್ಟ್ ನಂತರದ್ದು. ಕಾಗದದ ಹಿಂದೆ "ಇಂದು" ಎಂಬ ಹೆಸರು ಮುದ್ರಿತವಾಗಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ತಯಾರಿ, ಅಂದರೆ 1960ರ ಆಚೆಗಿನದು. ಹಳೆ ಮೊಹರಿನ ಶಾಯಿ ಮುಗಿಯುವವರೆಗೂ ಅಂಗಡಿಯವರು ಅದನ್ನೇ ಒತ್ತುತ್ತಾರೆ ಎಂಬುದೂ ನೆನಪಿರಲಿ. "ಇದಕ್ಕಿಂತ ಮೊದಲಲ್ಲ" ಎಂಬ ಸಾಕ್ಷ್ಯ ಗಟ್ಟಿ. "ಇದಕ್ಕಿಂತ ಆಮೇಲಲ್ಲ" ಎಂಬುದು ಯಾವಾಗಲೂ ಸಡಿಲ.

ಆಮೇಲೆ ಮುಂಭಾಗ. ಬಸ್ಸಿನ ನಂಬರು "ಎಂವೈ" ಎಂದು ಶುರುವಾಗುತ್ತದೆಯೋ "ಕೆಎ 20" ಎಂದೋ? ಎರಡನೆಯದು 1988ರ ಮೋಟಾರು ವಾಹನ ಕಾಯ್ದೆ ಜಾರಿಯಾದ ಮೇಲಿನ ಪದ್ಧತಿ. ಮನೆಗೆ ಹುಲ್ಲಿನ ಮಾಡೋ ಹಂಚಿನದೋ? ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಶುರು ಮಾಡಿದ್ದು 1865ರಲ್ಲಿ. ಘಟ್ಟದ ಬುಡದ ಸಾಮಾನ್ಯರ ಮಾಡಿಗೆ ಹಂಚು ಏರಲು ಇನ್ನೂ ಎಷ್ಟೋ ದಶಕ ಹಿಡಿಯಿತು. ಯಕ್ಷಗಾನ ಆಟದ ರಂಗಸ್ಥಳದಲ್ಲಿ ದೊಂದಿಯೋ, ಗ್ಯಾಸ್‌ಲೈಟೋ, ಟ್ಯೂಬ್‌ಲೈಟೋ? ಅಂಗಳದಲ್ಲಿ ಅಡಿಕೆ ಹರಡಿದ್ದರೆ ಚಳಿಗಾಲದಿಂದ ಬೇಸಗೆಯೊಳಗಿನ ತಿಂಗಳು. ಹೆಂಗಸರ ರವಿಕೆಯ ತೋಳು, ಗಂಡಸರ ಕ್ರಾಪು, ಕೈಗಡಿಯಾರ ಕಾಣಲೆಂದೇ ಮಡಚಿದ ಅಂಗಿಯ ತೋಳು, ಒಂದೊಂದೂ ಮಾತಾಡುತ್ತದೆ.

ನಿಮ್ಮ ಅಂದಾಜನ್ನು ಅಂದಾಜು ಎಂದೇ ಬರೆಯಿರಿ, ಕಾರಣದ ಸಮೇತ: "1973ರ ನಂತರ, ಹಿಂದಿನ ಫಲಕದಲ್ಲಿ ಕರ್ನಾಟಕ ಎಂದಿದೆ." ಕಾರಣ ಬರೆಯದ ಇಸವಿಯನ್ನು ಇಪ್ಪತ್ತು ವರ್ಷದ ನಂತರ ಪರಿಶೀಲಿಸಲು ಯಾರಿಂದಲೂ ಆಗದು.

7. ಸ್ಕ್ಯಾನ್ ಒಮ್ಮೆ, ಸರಿಯಾಗಿ

ಅಂಗೈ ಅಗಲದ ಪಟಕ್ಕೆ 600 ಪಿಪಿಐ, ಚಿಕ್ಕದಕ್ಕೂ ನೆಗೆಟಿವ್‌ಗೂ ಇನ್ನೂ ಹೆಚ್ಚು. ಮೂಲ ಕಡತ ಟಿಫ್ ರೂಪದಲ್ಲಿ ಇರಲಿ. ಅದನ್ನು ತಿದ್ದಬೇಡಿ, ಕೊಡುವುದಕ್ಕೆ ಬೇರೆ ಜೆಪೆಗ್ ಪ್ರತಿ ಮಾಡಿ. ಕಪ್ಪು ಬಿಳುಪು ಪಟವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಹಿಂಬದಿಯನ್ನು ಬಿಡಬೇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಊರಾಚೆ. ಗುಡುಗು ಸಿಡಿಲಿನ ನಮ್ಮ ಊರಲ್ಲಿ ಈ ಮೂರನೆಯದನ್ನು ಮರೆತವರು ಒಂದೇ ಸಿಡಿಲಿಗೆ ಎಲ್ಲ ಕಳೆದುಕೊಳ್ಳಬಹುದು. ಹಳೆ ಮುಖಗಳಿಗೆ ಬಣ್ಣ ತುಂಬುವ, ಕಣ್ಣು ಮೂಗು "ಸ್ಪಷ್ಟ" ಮಾಡುವ ಆ್ಯಪ್‌ಗಳಿಂದ ಸಂಗ್ರಹವನ್ನು ದೂರ ಇಡಿ. ಅವು ಇಲ್ಲದ ಮುಖವನ್ನು ಕಲ್ಪಿಸಿ ಕೊಡುತ್ತವೆ.

8. ಒಂದು ವಿಷಯದಲ್ಲಿ ಊರಿಗೇ ಮೊದಲಿಗರಾಗಿ

ಎಲ್ಲ ತಿಳಿದವರಿಗಿಂತ ಒಂದನ್ನು ಆಳವಾಗಿ ತಿಳಿದ ಆರ್ಕೈವಿಸ್ಟ್‌ಗೆ ಬೇಡಿಕೆ ಹೆಚ್ಚು. ಈ ಭಾಗದಲ್ಲಿ ಹುಟ್ಟಿದವರಿಗೆ ಯಕ್ಷಗಾನ ಬಾಲ್ಯದಿಂದಲೇ ಬಂದ ಬಂಡವಾಳ. ವೇಷದ ಪಟ ಕೈಗೆ ಬಂದರೆ ಅದು ಬಡಗೋ ತೆಂಕೋ, ತಲೆಯ ಮೇಲಿರುವುದು ಮುಂಡಾಸೋ ಕಿರೀಟವೋ ಕೇದಗೆ ಮುಂದಲೆಯೋ, ನಿಲುವು ಹಾರಾಡಿಯದೋ ಮಟಪಾಡಿಯದೋ ಎಂದು ಹೇಳಬಲ್ಲವರು ಲಂಡನ್ನಿನ ಸಂಗ್ರಹಾಲಯದಲ್ಲಿ ಸಿಗುವುದು ಕಷ್ಟ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯ ಬಯಲಾಟಗಳಲ್ಲಿ ರಾತ್ರಿ ಕಳೆದವರಿಗೆ ಅದು ಸಹಜ.

ಕೋಟದ ಶಿವರಾಮ ಕಾರಂತರು ತಾವೇ ಕ್ಯಾಮೆರಾ ಹಿಡಿದವರು. 1930ರ ಹೊತ್ತಿಗೇ ಮೂಕಿಚಿತ್ರ ಮಾಡಿದವರು. ಅವರ "ಯಕ್ಷಗಾನ ಬಯಲಾಟ"ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಮೆರಿಕದ ಮಾರ್ತಾ ಆಶ್ಟನ್ ಉಡುಪಿಗೆ ಬಂದು ಹಿರಿಯಡಕ ಗೋಪಾಲರಾಯರ ಬಳಿ ಕಲಿತು, 1977ರಲ್ಲಿ ಬ್ರೂಸ್ ಕ್ರಿಸ್ಟಿಯವರೊಂದಿಗೆ ಇಂಗ್ಲಿಷಿನಲ್ಲಿ ಯಕ್ಷಗಾನದ ಪುಸ್ತಕ ತಂದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರ ಮುಂದಾಳತ್ವದಲ್ಲಿ, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಎದ್ದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ನಮ್ಮ ಕಲೆಗಳ ಧ್ವನಿ, ಚಿತ್ರ ದಾಖಲೆಗೆ ದಾರಿ ಹಾಕಿತು. ಈ ಮೂರು ಕಡೆಯ ಕೆಲಸವನ್ನು ಓದಿಕೊಂಡು ನಿಮ್ಮ ಊರಿನ ಮೇಳದ ಪಟಗಳನ್ನು ಕೂಡಿಸಿದರೆ ನಿಮ್ಮ ಜಾಗ ನಿಮಗೆ ಸಿಕ್ಕಿತು.

ಯಕ್ಷಗಾನ ಬೇಡವೆಂದರೆ ವಾರಾಹಿ ಜಲವಿದ್ಯುತ್ ಯೋಜನೆ ಇದೆ. ಹೊಸಂಗಡಿಯ ಭೂಗರ್ಭ ವಿದ್ಯುದಾಗಾರ ಕಟ್ಟಿದ ವರ್ಷಗಳಲ್ಲಿ ಅಲ್ಲಿ ದುಡಿದವರ, ಮಾಣಿ ಜಲಾಶಯಕ್ಕೆ ನೆಲ ಬಿಟ್ಟವರ ಮನೆಗಳಲ್ಲಿ ಎಂಥೆಂಥ ಪಟಗಳಿರಬಹುದು ಎಂದು ಯೋಚಿಸಿ. ಅವನ್ನೆಲ್ಲ ಒಂದು ಕಡೆ ತಂದವರು ಮೇಲೆ ಹೇಳಿದ "ಮೊದಲಿಗರು" ಆಗುತ್ತಾರೆ.

9. ಮೂವತ್ತು ವರ್ಷ ಒಂದೇ ಮೇಜಿನಲ್ಲಿ ಕೂರುವ ತಾಳ್ಮೆ

ಈ ವೃತ್ತಿಗೆ ಮಾದರಿ ಬೇಕೆಂದರೆ ನಾನು ಬಾಸೆಲ್ ಮಿಶನ್ ಪತ್ರಾಗಾರದಲ್ಲಿ ದುಡಿದ ಪಾಲ್ ಜೆಂಕಿನ್ಸ್ ಅವರ ಹೆಸರು ಹೇಳುತ್ತೇನೆ. ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರ್ 30ಕ್ಕೆ. ಆ ಸಂಸ್ಥೆಯವರು ಆಫ್ರಿಕಾ, ಚೀನಾ, ಕರ್ನಾಟಕ, ಕೇರಳಗಳಿಂದ ಸ್ವಿಟ್ಜರ್ಲೆಂಡಿಗೆ ಕಳಿಸಿದ, ಒಯ್ದ ಚಿತ್ರಗಳು ಸುಮಾರು 30,000. 1850ರ ದಶಕದಿಂದ ಮುಂದಿನ ಸುಮಾರು ನೂರು ವರ್ಷಗಳವು. ಘಾನಾದಲ್ಲಿ ಇತಿಹಾಸ ಕಲಿಸುತ್ತಿದ್ದ ಜೆಂಕಿನ್ಸ್ 1972ರಲ್ಲಿ ಬಾಸೆಲ್‌ನ ಆ ಪತ್ರಾಗಾರಕ್ಕೆ ಬಂದರು. ಆಗ ಇತಿಹಾಸಕಾರರಿಗೆ ಬೇಕಾಗಿದ್ದದ್ದು ಕಾಗದಪತ್ರ. ಪಟ ಎಂದರೆ ಪುಸ್ತಕದ ನಡುವೆ ಅಂದಕ್ಕೆ ಸೇರಿಸುವ ಹಾಳೆ. ಅವರು ಪಟವನ್ನೂ ಪತ್ರದಷ್ಟೇ ಗಂಭೀರವಾಗಿ ಪ್ರಶ್ನಿಸಿದರು: ತೆಗೆದವನು ಯಾರು, ಯಾರಿಗೆ ತೋರಿಸಲು ತೆಗೆದ, ಚೌಕಟ್ಟಿನ ಆಚೆ ಏನನ್ನು ಬಿಟ್ಟ? ಚಿತ್ರ ಸಂಗ್ರಹದ ಹೊಣೆ ಹೊತ್ತ ಬಾರ್ಬರಾ ಫ್ರೈ ನೇಫ್ ಮುಂತಾದವರ ವರ್ಷಾನುಗಟ್ಟಲೆ ದುಡಿಮೆಯಿಂದ ಆ ಪಟಗಳು ಈ ಶತಮಾನದ ಆರಂಭದಲ್ಲಿ ಅಂತರ್ಜಾಲಕ್ಕೆ ಬಂದವು. ಜೆಂಕಿನ್ಸ್ ದಂಪತಿ ಮಿಶನ್ನಿನ ಉತ್ತರ ಕರ್ನಾಟಕದ ಹಳೆ ವರದಿಗಳನ್ನೂ ಜರ್ಮನ್‌ನಿಂದ ಇಂಗ್ಲಿಷಿಗೆ ತಂದರು.

ಅಮಾಸೆಬೈಲಿನ ವಿದ್ಯಾರ್ಥಿ ಇವತ್ತು ಮೊಬೈಲ್ ತೆರೆದು 19ನೇ ಶತಮಾನದ ಮಂಗಳೂರನ್ನು ನೋಡಬಹುದಾದರೆ ಹಿಂದೆ ಈ ಜನರ ಜೀವಮಾನವಿದೆ. ಆ ಪಟಗಳಲ್ಲಿ ಇನ್ನೂ ಹೆಸರು ಸಿಗದ ನಮ್ಮವರಿದ್ದಾರೆ. ಆ ಕಾಲದ ವಸಾಹತು ಚಿತ್ರಗಳಲ್ಲಿ ಬಿಳಿಯರಿಗೆ ಹೆಸರು, ಇಲ್ಲಿಯವರಿಗೆ ಜಾತಿ ಅಥವಾ ಕಸುಬು ಎಂಬುದು ಸಾಮಾನ್ಯ. 1868ರಿಂದ 1875ರ ನಡುವೆ ಬಂದ "ಪೀಪಲ್ ಆಫ್ ಇಂಡಿಯಾ"ದ ಎಂಟು ಸಂಪುಟಗಳು ಪೂರಾ ಜನರನ್ನು ಜಾತಿ ಬುಡಕಟ್ಟುಗಳ ಮಾದರಿಗಳಾಗಿ ಜೋಡಿಸಿದವು. ಅಂಥ ಹಳೆ ಶೀರ್ಷಿಕೆಯನ್ನು ಅಳಿಸಬೇಡಿ, ಅದೂ ಸಾಕ್ಷ್ಯವೇ. ಅದರ ಕೆಳಗೆ ನೀವು ಕಂಡುಕೊಂಡದ್ದನ್ನು ಬೇರೆಯಾಗಿ ಬರೆಯಿರಿ.

10. ಹಕ್ಕು ಯಾರದು, ಮರ್ಯಾದೆ ಯಾರದು

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನನ್ನು ಬಾಯಿಪಾಠ ಮಾಡಿಕೊಳ್ಳಿ. ದುಡ್ಡು ಕೊಟ್ಟು ತೆಗೆಸಿದ ಪಟಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಸ್ಟುಡಿಯೋದ ನೆಗೆಟಿವ್ ರಾಶಿ ಸಿಕ್ಕಿತೆಂದು ಅದರೊಳಗಿನ ಮದುವೆಗಳೆಲ್ಲ ನಿಮ್ಮ ಪ್ರಕಟಣೆಗೆ ಸಿಕ್ಕವು ಎಂದಲ್ಲ. ಪತ್ರಿಕೆಯ ನೌಕರ ಛಾಯಾಗ್ರಾಹಕ ಕೆಲಸದ ಭಾಗವಾಗಿ ತೆಗೆದದ್ದರ ಪ್ರಕಟಣೆಯ ಹಕ್ಕು ಸಾಮಾನ್ಯವಾಗಿ ಪತ್ರಿಕೆಗೆ. 2012ರ ತಿದ್ದುಪಡಿ ಛಾಯಾಚಿತ್ರಗಳಿಗಿದ್ದ ಪ್ರತ್ಯೇಕ ನಿಯಮವನ್ನು ತೆಗೆದುಹಾಕಿತು. ಅಂದಿನಿಂದ ಲೆಕ್ಕ ಛಾಯಾಗ್ರಾಹಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ.

ಕಾನೂನು ಒಪ್ಪಿದ್ದನ್ನೆಲ್ಲ ಮಾಡಬೇಕೆಂದೂ ಇಲ್ಲ. ದೈವದ ಕೋಲದ ಕೆಲವು ಕ್ಷಣಗಳನ್ನು, ಮನೆಯವರು ಅಳುತ್ತಿರುವ ಸಾವಿನ ಪಟವನ್ನು ಗೋಡೆಗೆ ಹಾಕುವ ಮೊದಲು ಆ ಮನೆಯವರನ್ನೂ ದೈವದ ಗುತ್ತಿನ ಮನೆಯವರನ್ನೂ ಕೇಳಿ. ಬೇಡ ಎಂದರೆ ಬೇಡ. ಮೂಲ ಪಟವನ್ನು ಸ್ಕ್ಯಾನಿಗೆಂದು ತಂದರೆ ಹೇಳಿದ ದಿನಕ್ಕೇ ವಾಪಸು ಮುಟ್ಟಿಸಿ, ಜೊತೆಗೊಂದು ಒಳ್ಳೆಯ ಪ್ರಿಂಟ್ ಕೊಡಿ. ಎರಡನೆಯ ಮನೆಯ ಬಾಗಿಲು ತೆರೆಯುವುದು ಮೊದಲ ಮನೆಯವರು ನಿಮ್ಮ ಬಗ್ಗೆ ಆಡುವ ಮಾತಿನಿಂದ.

11. ಓದು, ತರಬೇತಿ, ಉದ್ಯೋಗ

ಇತಿಹಾಸ ಅಥವಾ ಗ್ರಂಥಾಲಯ ವಿಜ್ಞಾನದ ಪದವಿ ಒಳ್ಳೆಯ ಬುನಾದಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರ ನಡೆಸುವ ಶಾಲೆಯಲ್ಲಿ ದಾಖಲೆ ನಿರ್ವಹಣೆಯ ಒಂದು ವರ್ಷದ ಡಿಪ್ಲೊಮಾ ಇದೆ, ಅಲ್ಪಾವಧಿ ಕೋರ್ಸುಗಳೂ ಇವೆ. ಸಂರಕ್ಷಣೆಯ ಕೈಕೆಲಸ ಬೇಕೆಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ, ಮೈಸೂರಿನಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಶಾಖೆ ಕಡೆ ವಿಚಾರಿಸಿ. ಬೆಂಗಳೂರಿನ ಎನ್‌ಸಿಬಿಎಸ್ ವಿಜ್ಞಾನ ಸಂಸ್ಥೆ 2019ರಲ್ಲಿ ತೆರೆದ ಪತ್ರಾಗಾರ ಇಂಟರ್ನ್‌ಗಳನ್ನು ತೆಗೆದುಕೊಂಡು ಬೆಳೆಸಿದೆ. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, ವಿಶ್ವವಿದ್ಯಾಲಯಗಳು, ಪತ್ರಿಕಾ ಕಚೇರಿಗಳು, ಬ್ಯಾಂಕುಗಳ ಮತ್ತು ಕಂಪನಿಗಳ ವಸ್ತುಸಂಗ್ರಹಾಲಯಗಳು, ಧರ್ಮಸ್ಥಳದ ಮಂಜೂಷಾದಂಥ ಕ್ಷೇತ್ರಗಳ ಸಂಗ್ರಹಗಳು, ಎಲ್ಲ ಕಡೆ ಈ ವಿದ್ಯೆಗೆ ಕೆಲಸವಿದೆ. 2023ರಲ್ಲಿ ಬೆಂಗಳೂರಿನಲ್ಲಿ ಬಾಗಿಲು ತೆರೆದ ಮ್ಯಾಪ್ ಕಲಾ ಸಂಗ್ರಹಾಲಯ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳ ಪ್ರದರ್ಶನ ಮಾಡಿತು. ಅಂಥ ಒಂದು ಪ್ರದರ್ಶನಕ್ಕೆ ಮೊದಲು ಪೆಟ್ಟಿಗೆಗಳ ಮುಂದೆ ಕೂತು ಪಟ್ಟಿ ಮಾಡುವವರು ಬೇಕೇ ಬೇಕು.

ಭಾಷೆ ನಿಮ್ಮ ದೊಡ್ಡ ಬಲ. ಕುಂದಾಪ್ರ ಕನ್ನಡ, ತುಳು, ಕೊಂಕಣಿ ತಿಳಿದವರು ಹಿರಿಯರ ಮಾತನ್ನು ನೇರವಾಗಿ ಬರೆದುಕೊಳ್ಳಬಲ್ಲರು. ಮೋಡಿ ಅಕ್ಷರ ಓದಲು ಕಲಿತರೆ ಹಳೆ ಮನೆಗಳ ಕಾಗದಗಳೂ ತೆರೆದುಕೊಳ್ಳುತ್ತವೆ. ಬಾಸೆಲ್ ಮಿಶನ್ನಿನ ದಾಖಲೆಗಳಲ್ಲಿರುವ ಹಳೆಯ ಜರ್ಮನ್ ಕೈಬರಹ ಓದಬಲ್ಲ ಕನ್ನಡಿಗರು ಬೆರಳೆಣಿಕೆಯಷ್ಟು. ಅಲ್ಲಿ ಹಲವರ ಜೀವಮಾನಕ್ಕಾಗುವಷ್ಟು ಕೆಲಸ ಕಾದಿದೆ.

12. ಇಂದಿನ ಪಟವನ್ನೂ ಇಂದೇ ಹಿಡಿಯಿರಿ, ಮುಂದಿನವರಿಗೆ ಬರೆದಿಡಿ

ಎ.ಜಿ. ಕೊಡ್ಗಿಯವರ ಮುಂದಾಳತ್ವದಲ್ಲಿ ಅಮಾಸೆಬೈಲು ಸೋಲಾರ್ ಗ್ರಾಮವಾದ ಕಥೆ ನಾಡಿಗೆಲ್ಲ ತಿಳಿದಿದೆ. ಅವರು 2022ರಲ್ಲಿ ತೀರಿಕೊಂಡರು. ಮಾಡಿನ ಮೇಲೆ ಪ್ಯಾನೆಲ್ ಏರಿಸಿದ ದಿನ, ಮೊದಲ ದೀಪ ಹತ್ತಿದ ಸಂಜೆ, ಸಭೆಗಳು, ಇವುಗಳ ಚಿತ್ರಗಳೆಲ್ಲ ಯಾರ್‍ಯಾರದೋ ಮೊಬೈಲಿನಲ್ಲಿರುತ್ತವೆ. ಮೊಬೈಲು ಬದಲಾದರೆ ಅವೂ ಹೋದವು. ವಾಟ್ಸಾಪಿನಲ್ಲಿ ತರಿಸಿಕೊಂಡರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನ ಜಾಗದ ಮಾಹಿತಿಯೂ ಕಳಚಿಹೋಗುತ್ತದೆ. ಮೂಲ ಕಡತವನ್ನೇ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು, ಅಲ್ಲೇ ಕೂತು ಹೆಸರುಗಳನ್ನು ಕೇಳಿ ಬರೆಯಿರಿ. ನೂರು ವರ್ಷದ ಹಿಂದಿನ ಪಟಕ್ಕಿಂತ ಹತ್ತು ವರ್ಷದ ಹಿಂದಿನ ಪಟವೇ ಈಗ ಹೆಚ್ಚು ಅವಸರದ್ದು.

ಸಂಗ್ರಹ ನಿಮ್ಮ ಒಬ್ಬರ ತಲೆಯಲ್ಲಿ ಇರಬಾರದು. ಸಂಖ್ಯೆ ಹಾಕಿದ ಪದ್ಧತಿ, ಯಾವ ಪೆಟ್ಟಿಗೆ ಎಲ್ಲಿದೆ, ಡಿಸ್ಕುಗಳ ಪ್ರತಿ ಯಾರ ಬಳಿ ಇದೆ, ಪಾಸ್‌ವರ್ಡ್‌ಗಳಿರುವ ಮುಚ್ಚಿದ ಲಕೋಟೆ ಯಾರ ಕೈಯಲ್ಲಿದೆ, ಯಾವ ಮನೆಯವರು ಯಾವ ಷರತ್ತು ಹಾಕಿದ್ದಾರೆ, ಯಾವ ಪಟಗಳ ಹೆಸರು ಇನ್ನೂ ಬಾಕಿ, ಅವನ್ನು ಯಾರ ಬಳಿ ಕೇಳಬೇಕು, ಇಷ್ಟನ್ನು ನಾಲ್ಕು ಪುಟದಲ್ಲಿ ಕನ್ನಡದಲ್ಲಿ ಬರೆದು ರಿಜಿಸ್ಟರಿನ ಮೊದಲಿಗೆ ಅಂಟಿಸದೆ, ದಾರ ಹಾಕಿ ಹೊಲಿದಿಡಿ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು, ಮೇ ಕೊನೆಯ ವಾರದಲ್ಲಿ ಅದನ್ನು ತೆಗೆದು ಪರಿಷ್ಕರಿಸಿ. ಸಿಲಿಕಾ ಜೆಲ್ ಬದಲಿಸುವ ದಿನವೂ ಅದೇ ಆಗಿರಲಿ.